ಮನೆತನದ ಶುಗರ್, ದಿನದ ಊಟ: ಜೀನ್ ಮತ್ತು ಆಹಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಅಂತ ಗೊತ್ತಾದರೆ ಎರಡು ಮಾತು ಕೇಳಿಬರುತ್ತವೆ. "ರಕ್ತದಲ್ಲೇ ಇದೆ, ಏನು ಮಾಡಿದರೂ ಬರುತ್ತದೆ" ಎನ್ನುವುದು ಒಂದು. "ಬಾಯಿ ಕಟ್ಟಲಿಲ್ಲ, ಅದಕ್ಕೇ ಬಂತು" ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಎರಡೂ ಜನರಿಗೆ ಕೆಡುಕು ಮಾಡುತ್ತಿವೆ. ಮೊದಲನೆಯದನ್ನು ನಂಬಿದವರು ಪ್ರಯತ್ನವನ್ನೇ ಬಿಡುತ್ತಾರೆ. ಎರಡನೆಯದನ್ನು ಕೇಳಿಸಿಕೊಂಡವರು ನಾಚಿಕೆಯಿಂದ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಕೆಳಗಿರುವುದೆಲ್ಲ ಮುಖ್ಯವಾಗಿ ಟೈಪ್ 2 ಮಧುಮೇಹದ, ಅಂದರೆ ಹೆಚ್ಚಿನವರಿಗೆ ಬರುವ ಬಗೆಯ ಶುಗರ್‌ನ ಬಗ್ಗೆ.

ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇದೆ. ನನಗೂ ಬಂದೇ ಬರುತ್ತಾ?

ಬಂದೇ ಬರುತ್ತದೆ ಅಂತ ಇಲ್ಲ. ಆದರೆ ಸಾಧ್ಯತೆ ಜಾಸ್ತಿ ಇದೆ, ಅದನ್ನು ಮರೆಮಾಚಬಾರದು. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಜೀವಮಾನದಲ್ಲಿ ಬರುವ ಸಾಧ್ಯತೆ ಸುಮಾರು 40%, ಇಬ್ಬರಿಗೂ ಇದ್ದರೆ 70% ಹತ್ತಿರ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ.

ಈ ಲೆಕ್ಕದಲ್ಲಿ ಜೀನ್ (ವಂಶವಾಹಿ) ಒಂದೇ ಸೇರಿಲ್ಲ. ಅಪ್ಪ ಅಮ್ಮ ಮಕ್ಕಳಿಗೆ ಕೊಡುವುದು ಜೀನ್‌ಗಳನ್ನಷ್ಟೇ ಅಲ್ವಲ್ಲ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು, ಊಟವಾದ ಮೇಲೆ ಕೂರಬೇಕಾ ಓಡಾಡಬೇಕಾ, ಇದೆಲ್ಲವನ್ನೂ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ಹಾಗಾಗಿ "ಮನೆತನದಲ್ಲಿದೆ" ಅನ್ನುವುದರಲ್ಲಿ ಬದಲಿಸಲಾಗದ ಒಂದು ಪಾಲಿದೆ, ಬದಲಿಸಬಹುದಾದ ಒಂದು ಪಾಲೂ ಇದೆ.

ಜೀನ್‌ಗಳು ಅಷ್ಟಕ್ಕೂ ಏನು ಮಾಡುತ್ತವೆ?

ಊಟ ಜೀರ್ಣವಾಗಿ ರಕ್ತಕ್ಕೆ ಸಕ್ಕರೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಇನ್ಸುಲಿನ್ ಹೇಳಿದಂತೆ ಸ್ನಾಯುಗಳು ಮತ್ತು ಕೊಬ್ಬಿನ ಕೋಶಗಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಲಿವರ್ ತಾನು ಸಕ್ಕರೆ ತಯಾರಿಸುವುದನ್ನು ಕಡಿಮೆ ಮಾಡುತ್ತದೆ.

ಮಧುಮೇಹದ ಅಪಾಯ ಹೆಚ್ಚಿಸುವ ಜೀನ್ ವ್ಯತ್ಯಾಸಗಳಲ್ಲಿ ಬಹುಪಾಲು ಬೀಟಾ ಕೋಶಗಳಿಗೆ ಸಂಬಂಧಿಸಿದವು. ಕೆಲವರಲ್ಲಿ ಈ ಕೋಶಗಳು ಬೇಕಾದಾಗ ಬೇಗ ಇನ್ಸುಲಿನ್ ಬಿಡುವುದಿಲ್ಲ. ಕೆಲವರಲ್ಲಿ ಕೆಲಸದ ಹೊರೆ ಹೆಚ್ಚಾದರೆ ಬೇಗ ಸೋಲುತ್ತವೆ. ಇನ್ನು ಕೆಲವು ಜೀನ್‌ಗಳು ಹಸಿವು ಮತ್ತು ತೂಕದ ಮೇಲೆ ಕೆಲಸ ಮಾಡುತ್ತವೆ. ಮತ್ತೂ ಕೆಲವು, ಕೊಬ್ಬು ದೇಹದ ಯಾವ ಜಾಗದಲ್ಲಿ ಕೂರಬೇಕು ಅನ್ನುವುದನ್ನು ನಿರ್ಧರಿಸುತ್ತವೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುತ್ತೇವಲ್ಲ, ಇಲ್ಲಿ ಅದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಬೀಟಾ ಕೋಶಗಳು ಎಷ್ಟು ಇನ್ಸುಲಿನ್ ಕೊಡಬಲ್ಲವು ಅನ್ನುವ ಮಿತಿಯನ್ನು ಬಹುಮಟ್ಟಿಗೆ ಜೀನ್‌ಗಳು ಹಾಕಿಕೊಟ್ಟಿರುತ್ತವೆ. ದೇಹ ಎಷ್ಟು ಇನ್ಸುಲಿನ್ ಕೇಳುತ್ತದೆ ಅನ್ನುವುದು ಊಟ, ತೂಕ, ಓಡಾಟದ ಮೇಲೆ ನಿಂತಿದೆ. ಕೇಳಿಕೆ ಮಿತಿ ದಾಟಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ.

ಶುಗರ್‌ಗೆ ಅಂತಲೇ ಒಂದು ಜೀನ್ ಇದೆಯಾ?

ಇಲ್ಲ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 25 ಲಕ್ಷಕ್ಕೂ ಹೆಚ್ಚು ಜನರ ಜೀನ್ ಮಾಹಿತಿಯನ್ನು ಜಾಲಾಡಿತು. ಟೈಪ್ 2 ಮಧುಮೇಹಕ್ಕೆ ಸಂಬಂಧಪಟ್ಟ 611 ಜಾಗಗಳನ್ನು ಅದು ನಮ್ಮ ಡಿಎನ್‌ಎಯಲ್ಲಿ ಗುರುತಿಸಿತು. ಒಂದೊಂದರ ಪ್ರಭಾವ ಚಿಕ್ಕದು. ಹಲವಾರು ಸೇರಿದಾಗ ವ್ಯತ್ಯಾಸ ಕಾಣುತ್ತದೆ.

ಸಾಮಾನ್ಯ ವ್ಯತ್ಯಾಸಗಳಲ್ಲಿ ಜೋರಾಗಿರುವುದು ಟಿಸಿಎಫ್7ಎಲ್2 ಎಂಬ ಜೀನ್‌ನದು. 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಇದನ್ನು ಪತ್ತೆ ಹಚ್ಚಿದರು. ಈ ಅಪಾಯದ ರೂಪ ಹೆತ್ತವರಲ್ಲಿ ಒಬ್ಬರಿಂದ ಬಂದರೆ ಅಪಾಯ ಸುಮಾರು 1.4 ಪಟ್ಟು. ಇಬ್ಬರಿಂದಲೂ ಬಂದರೆ ಸುಮಾರು ಎರಡು ಪಟ್ಟು. ಅತ್ಯಂತ ಜೋರಾದದ್ದೇ ಇಷ್ಟು ಅಂದರೆ ಉಳಿದವುಗಳ ಅಳತೆ ಊಹಿಸಬಹುದು.

ಇದಕ್ಕೆ ಅಪವಾದಗಳೂ ಇವೆ. ಗ್ರೀನ್‌ಲ್ಯಾಂಡ್‌ನ ಇನ್ಯುಟ್ ಜನರಲ್ಲಿ ಟಿಬಿಸಿ1ಡಿ4 ಎಂಬ ಜೀನ್‌ನ ಒಂದು ರೂಪ ಸಾಕಷ್ಟು ಜನರಿಗಿದೆ. ಅದನ್ನು ಅಪ್ಪ ಅಮ್ಮ ಇಬ್ಬರಿಂದಲೂ ಪಡೆದವರಿಗೆ ಮಧುಮೇಹದ ಸಂಭವ ಸುಮಾರು ಹತ್ತು ಪಟ್ಟು ಎಂದು 2014ರಲ್ಲಿ ಗೊತ್ತಾಯಿತು. ಊಟವಾದ ಮೇಲೆ ಅವರ ಸ್ನಾಯುಗಳು ಸಕ್ಕರೆಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ.

ಜೀನ್ ದೊಡ್ಡದೋ, ಊಟ ದೊಡ್ಡದೋ?

ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯುವುದು ಕಷ್ಟ. ಆದರೂ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಸಾಕಷ್ಟು ತಿಳಿಯಾಗುತ್ತದೆ.

ಮೊದಲನೆಯದು ಪೀಮಾ ಜನಾಂಗದ್ದು. ಈ ಮೂಲನಿವಾಸಿಗಳಲ್ಲಿ ಒಂದು ಗುಂಪು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ಮೆಕ್ಸಿಕೋದ ಬೆಟ್ಟಗಳಲ್ಲಿ. ಜೀನ್‌ಗಳ ಲೆಕ್ಕದಲ್ಲಿ ಇಬ್ಬರೂ ತುಂಬಾ ಹತ್ತಿರದವರು. ಅರಿಜೋನಾದವರು ಆಧುನಿಕ ಅಮೆರಿಕದ ಊಟಕ್ಕೆ ಹೊಂದಿಕೊಂಡವರು. ಬೆಟ್ಟದವರು ನಾರಿನಂಶ ಹೆಚ್ಚಿರುವ, ಕೊಬ್ಬು ಕಡಿಮೆಯಿರುವ ಊಟ ಮಾಡುತ್ತಾ ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದ ಪೀಮಾ ವಯಸ್ಕರಲ್ಲಿ 38% ಜನರಿಗೆ ಮಧುಮೇಹ ಇತ್ತು. ಬೆಟ್ಟದ ಪೀಮಾ ಜನರಲ್ಲಿ 6.9% ಮಾತ್ರ. ಹೆಚ್ಚು ಕಡಿಮೆ ಅದೇ ಜೀನ್‌ಗಳು, ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಎರಡನೆಯದು ಯುರೋಪಿನ ಎಂಟು ದೇಶಗಳ ಇಂಟರ್‌ಆ್ಯಕ್ಟ್ ಅಧ್ಯಯನ. ಇದರ ಫಲಿತಾಂಶ 2014ರಲ್ಲಿ ಬಂತು. ಜನರನ್ನು ಜೀನ್‌ಗಳ ಅಪಾಯದ ಪ್ರಕಾರ ನಾಲ್ಕು ಗುಂಪು ಮಾಡಿ, ತೂಕದ ಜೊತೆ ಹೋಲಿಸಿದರು. ತೂಕ ಸರಿಯಿದ್ದವರಲ್ಲಿ ಹತ್ತು ವರ್ಷದಲ್ಲಿ ಮಧುಮೇಹ ಬಂದವರು, ಜೀನ್ ಅಪಾಯ ಅತಿ ಕಡಿಮೆ ಇದ್ದ ಗುಂಪಿನಲ್ಲಿ 0.25%, ಅತಿ ಹೆಚ್ಚಿದ್ದ ಗುಂಪಿನಲ್ಲಿ 0.89%. ಬೊಜ್ಜು ಇದ್ದವರಲ್ಲಿ ಅದೇ ಲೆಕ್ಕ 4.22% ಮತ್ತು 7.99%.

ಈ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ಓದಿ. ಜೀನ್ ಕೆಟ್ಟದಾಗಿದ್ದೂ ತೂಕ ಸರಿ ಇಟ್ಟುಕೊಂಡವರ ಅಪಾಯ 0.89%. ಜೀನ್ ಚೆನ್ನಾಗಿದ್ದೂ ಬೊಜ್ಜು ಬಂದವರ ಅಪಾಯ 4.22%. "ನಮ್ಮ ಮನೆತನದಲ್ಲಿ ಯಾರಿಗೂ ಶುಗರ್ ಇಲ್ಲ, ನನಗೇನೂ ಆಗಲ್ಲ" ಅನ್ನುವವರಿಗೂ ಇದರಲ್ಲಿ ಉತ್ತರ ಇದೆ. ಹಾಗಂತ ಜೀನ್ ಲೆಕ್ಕಕ್ಕಿಲ್ಲ ಅಂತಲ್ಲ. ಎರಡೂ ಕಡೆ ಜೀನ್ ಅಪಾಯವನ್ನು ಏರಿಸಿದೆ.

ಜೀನ್ ಕೆಟ್ಟದಿದ್ದರೆ ಊಟ ಬದಲಿಸಿ ಏನು ಪ್ರಯೋಜನ?

ಅಂಥವರಿಗೇ ಪ್ರಯೋಜನ ಹೆಚ್ಚು. ನನಗೆ ಅತ್ಯಂತ ಭರವಸೆ ಕೊಟ್ಟ ಸಂಗತಿ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದಲ್ಲಿ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪ್ರಯೋಗ ನಡೆಯಿತು. ಶುಗರ್ ಇನ್ನೂ ಬಾರದ, ಆದರೆ ಗಡಿಯಲ್ಲಿದ್ದ 3,234 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಊಟ ಮತ್ತು ವ್ಯಾಯಾಮದ ತರಬೇತಿ: ತೂಕ 7% ಇಳಿಸಬೇಕು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಇನ್ನೊಂದು ಗುಂಪಿಗೆ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ. ಮತ್ತೊಂದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ. ಸರಾಸರಿ 2.8 ವರ್ಷ ಆದ ಮೇಲೆ, 2002ರಲ್ಲಿ ಫಲಿತಾಂಶ ಬಂತು. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್‌ನಿಂದ ಮಧುಮೇಹ 31% ಕಡಿಮೆಯಾಗಿತ್ತು. ಊಟ, ವ್ಯಾಯಾಮ ಬದಲಿಸಿದವರಲ್ಲಿ 58% ಕಡಿಮೆ. ಫಿನ್‌ಲ್ಯಾಂಡ್‌ನಲ್ಲಿ 522 ಜನರ ಮೇಲೆ ನಡೆದ ಇಂಥದೇ ಪ್ರಯೋಗದಲ್ಲೂ 58% ಬಂದಿತ್ತು.

ಆಮೇಲೆ, 2006ರಲ್ಲಿ, ಅಮೆರಿಕದ ಪ್ರಯೋಗದವರ ಟಿಸಿಎಫ್7ಎಲ್2 ಜೀನ್ ನೋಡಿದರು. ಅಪಾಯದ ರೂಪ ಎರಡು ಪ್ರತಿ ಇದ್ದವರಿಗೆ, ಹುಸಿ ಮಾತ್ರೆಯ ಗುಂಪಿನಲ್ಲಿ, ಆ ರೂಪ ಒಂದು ಪ್ರತಿಯೂ ಇಲ್ಲದವರಿಗಿಂತ ಸುಮಾರು 80% ಹೆಚ್ಚು ಅಪಾಯ ಇತ್ತು. ಅದೇ ಜೀನ್ ಇದ್ದು ಊಟ, ವ್ಯಾಯಾಮ ಬದಲಿಸಿದವರಲ್ಲಿ ಆ ಹೆಚ್ಚುವರಿ ಅಪಾಯ 15% ಹತ್ತಿರಕ್ಕೆ ಇಳಿದಿತ್ತು. ಲೆಕ್ಕಶಾಸ್ತ್ರದ ಪ್ರಕಾರ ಅದು ಗಣನೆಗೆ ಬಾರದಷ್ಟು ಚಿಕ್ಕದು. ಜೀನ್ ಬದಲಾಗಲಿಲ್ಲ. ಅದು ತೊಂದರೆ ಕೊಡುವ ಸಂದರ್ಭ ಬದಲಾಯಿತು.

ಸ್ಪೇನ್‌ನ ಪ್ರೆಡಿಮೆಡ್ ಪ್ರಯೋಗದಲ್ಲಿ 7,000ಕ್ಕೂ ಹೆಚ್ಚು ಜನರಲ್ಲಿ ಇದೇ ಜೀನ್ ಪರೀಕ್ಷಿಸಿದರು. ತರಕಾರಿ, ಹಣ್ಣು, ಕಾಳು, ಬೀಜ, ಮೀನು, ಆಲಿವ್ ಎಣ್ಣೆಯ ಊಟಪದ್ಧತಿಯನ್ನು ಸರಿಯಾಗಿ ಪಾಲಿಸದವರಲ್ಲಿ, ಅಪಾಯದ ರೂಪ ಎರಡು ಪ್ರತಿ ಇದ್ದವರ ಖಾಲಿ ಹೊಟ್ಟೆ ಶುಗರ್ ಜಾಸ್ತಿ ಇತ್ತು. ಚೆನ್ನಾಗಿ ಪಾಲಿಸಿದವರಲ್ಲಿ ಜೀನ್‌ನಿಂದ ಅಂಥ ಏರಿಕೆ ಕಾಣಲಿಲ್ಲ.

ಎಲ್ಲ ಅಧ್ಯಯನಗಳೂ ಹೀಗೆಯೇ ಹೇಳುವುದಿಲ್ಲ. 2022ರಲ್ಲಿ ಅಮೆರಿಕದ ಸುಮಾರು 35,000 ಜನರ ಮಾಹಿತಿ ನೋಡಿದಾಗ ಜೀನ್ ಮತ್ತು ಊಟ ಬೇರೆ ಬೇರೆಯಾಗಿಯೇ ಕೆಲಸ ಮಾಡುವಂತೆ ಕಂಡಿತು. ಊಟದ ಗುಣಮಟ್ಟ ಕಡಿಮೆ ಇದ್ದರೆ ಅಪಾಯ ಸುಮಾರು 30% ಜಾಸ್ತಿ, ಜೀನ್ ಅಪಾಯ ಯಾವ ಮಟ್ಟದಲ್ಲಿದ್ದರೂ ಅಷ್ಟೇ. ವಿಜ್ಞಾನಿಗಳಿಗೆ ಇದು ದೊಡ್ಡ ಚರ್ಚೆಯ ವಿಷಯ. ಊಟಕ್ಕೆ ಕೂತ ನಮಗೆ ಎರಡರಿಂದಲೂ ಸಿಗುವ ಉತ್ತರ ಒಂದೇ: ಜೀನ್ ಹೇಗಿದ್ದರೂ ಒಳ್ಳೆಯ ಊಟದಿಂದ ಅಪಾಯ ಇಳಿಯುತ್ತದೆ. ಮೊದಲೇ ಅಪಾಯ ಜಾಸ್ತಿ ಇರುವವರಿಗೆ ಇಳಿಯುವ ಪ್ರಮಾಣವೂ ದೊಡ್ಡದು.

ನಾನು ಸಣ್ಣಗಿದ್ದೇನೆ. ನನಗೆ ಚಿಂತೆ ಇಲ್ಲ ಅಲ್ವಾ?

ತೂಕದ ಯಂತ್ರ ಪೂರ್ತಿ ಕಥೆ ಹೇಳುವುದಿಲ್ಲ. ಕೆಲವು ಜೀನ್ ವ್ಯತ್ಯಾಸಗಳು ಚರ್ಮದ ಕೆಳಗೆ ಕೊಬ್ಬು ಶೇಖರಿಸುವ ಶಕ್ತಿಯನ್ನೇ ಕಡಿಮೆ ಮಾಡುತ್ತವೆ. ಅಂಥವರು ನೋಡಲು ತೆಳ್ಳಗಿರುತ್ತಾರೆ. ಆದರೆ ಹೆಚ್ಚಾದ ಕೊಬ್ಬು ಲಿವರ್‌ಗೆ, ಹೊಟ್ಟೆಯ ಒಳಭಾಗಕ್ಕೆ, ಮೇದೋಜೀರಕ ಗ್ರಂಥಿಗೆ ಹೋಗಿ ಸೇರುತ್ತದೆ. ಅಲ್ಲಿ ಸ್ವಲ್ಪ ಕೊಬ್ಬೂ ತೊಂದರೆ ಕೊಡುತ್ತದೆ.

ದಕ್ಷಿಣ ಏಷ್ಯಾ ಮೂಲದವರಲ್ಲಿ ಇದು ಹೆಚ್ಚು. ಅದೇ ತೂಕದ ಯುರೋಪಿನವರಿಗಿಂತ ಇವರಿಗೆ ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ, ಮಧುಮೇಹವೂ ಬೇಗ ಬರುತ್ತದೆ. ಅದಕ್ಕಾಗಿಯೇ ಏಷ್ಯಾದವರು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ಕ್ಕೆ ಕಾಯದೆ 23ರಿಂದಲೇ ಎಚ್ಚರ ವಹಿಸಬೇಕು ಎಂಬ ಸಲಹೆ ಇದೆ. ಸೊಂಟದ ಸುತ್ತಳತೆ ನೋಡಿಕೊಳ್ಳಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವವರು ತೂಕದ ಅಂಕಿ ನೋಡಿ ಸಮಾಧಾನ ಪಡಬೇಡಿ.

ಸಕ್ಕರೆ ತಿಂದರೆ ಸಕ್ಕರೆ ಕಾಯಿಲೆ ಬರುತ್ತಾ?

ನೇರವಾಗಿ ಅಲ್ಲ. ಆದರೆ ಸಿಹಿ ಪಾನೀಯಗಳ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ದಿನಕ್ಕೆ ಒಂದೆರಡು ಸಲ ಕುಡಿಯುವವರಿಗೆ, ತಿಂಗಳಿಗೊಮ್ಮೆಯೂ ಕುಡಿಯದವರಿಗಿಂತ ಅಪಾಯ ಸುಮಾರು 26% ಹೆಚ್ಚು ಎಂದು 2010ರ ವಿಶ್ಲೇಷಣೆ ತೋರಿಸಿತು. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ರಕ್ತಕ್ಕೆ ಬೇಗ ಸೇರುತ್ತದೆ, ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತದೆ. ಜೀನ್‌ನಿಂದಲೇ ದಪ್ಪಗಾಗುವ ಸ್ವಭಾವ ಇದ್ದವರಲ್ಲಿ, ದಿನಾ ಸಿಹಿ ಪಾನೀಯ ಕುಡಿಯುವವರಿಗೆ ಆ ಜೀನ್‌ಗಳ ಪ್ರಭಾವ ಇನ್ನೂ ಜೋರಾಗಿ ಕಾಣಿಸಿತು ಎಂದು 2012ರ ಅಧ್ಯಯನ ಹೇಳಿತು.

ಒಂದೇ ಒಂದು ಅಭ್ಯಾಸ ಬಿಡುವುದಾದರೆ ಯಾವುದು ಅಂತ ಕೇಳಿದರೆ, ಸಿಹಿ ಪಾನೀಯ ಬಿಡಿ ಅನ್ನುತ್ತೇನೆ. ಹಣ್ಣಿನ ರಸವನ್ನೂ ಇದೇ ಸಾಲಿಗೆ ಸೇರಿಸಿ. ಹಣ್ಣನ್ನು ಹಾಗೇ ತಿನ್ನುವುದು ಬೇರೆ ಮಾತು.

ಹಾಗಾದರೆ ಏನು ತಿನ್ನಬೇಕು?

ಯಾವುದೋ ಒಂದು ವಿಶೇಷ ಪದಾರ್ಥ ಹುಡುಕಬೇಡಿ. ಪಾಲಿಶ್ ಮಾಡಿದ ಧಾನ್ಯ ಕಡಿಮೆ, ಇಡೀ ಧಾನ್ಯ ಜಾಸ್ತಿ. ಬೇಳೆಕಾಳು, ತರಕಾರಿ, ಬೀಜಗಳು ಜಾಸ್ತಿ. ಪ್ಯಾಕೆಟ್ ತಿಂಡಿ, ಕರಿದದ್ದು, ಸಂಸ್ಕರಿಸಿದ ಮಾಂಸ ಕಡಿಮೆ. ಎಷ್ಟೇ ಒಳ್ಳೆಯ ಊಟವಾದರೂ ಪ್ರಮಾಣ ಮುಖ್ಯ. ಊಟದಲ್ಲಿ ನಾರು ಮತ್ತು ಪ್ರೋಟೀನ್ ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಬೀಟಾ ಕೋಶಗಳು ನಿಧಾನವಿರುವ ಜನರಿಗೆ ಈ ನಿಧಾನಗತಿಯೇ ದೊಡ್ಡ ಸಹಾಯ.

ತಿನ್ನುವ ಹೊತ್ತಿಗೂ ಜೀನ್‌ಗೂ ಸಂಬಂಧ ಇದೆಯಾ?

ಇದೆ, ಮತ್ತು ಇದು ತುಂಬಾ ಸ್ವಾರಸ್ಯವಾದ ಸಂಗತಿ. ರಾತ್ರಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಬೀಟಾ ಕೋಶಗಳ ಮೇಲೂ ಕೆಲಸ ಮಾಡುತ್ತದೆ. ಎಂಟಿಎನ್‌ಆರ್1ಬಿ ಎಂಬ ಜೀನ್‌ನ ಒಂದು ರೂಪ ಇದ್ದವರಲ್ಲಿ ಆ ಪ್ರಭಾವ ಜಾಸ್ತಿ. ಸ್ಪೇನ್‌ನಲ್ಲಿ 845 ಜನರಿಗೆ ಒಂದು ಸಂಜೆ ಮಲಗುವ ನಾಲ್ಕು ಗಂಟೆ ಮೊದಲು, ಇನ್ನೊಂದು ಸಂಜೆ ಒಂದು ಗಂಟೆ ಮೊದಲು ಸಕ್ಕರೆ ದ್ರಾವಣ ಕುಡಿಸಿ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ತಡವಾಗಿ ತೆಗೆದುಕೊಂಡಾಗ ರಕ್ತದ ಸಕ್ಕರೆ ಹೆಚ್ಚು ಏರಿತು, ಇನ್ಸುಲಿನ್ ಕಡಿಮೆ ಬಂತು. ಆ ಜೀನ್ ರೂಪ ಇದ್ದವರಲ್ಲಿ ತೊಂದರೆ ಇನ್ನೂ ಜಾಸ್ತಿ. ನಿಮ್ಮ ಜೀನ್ ಯಾವುದು ಅಂತ ತಿಳಿಯದಿದ್ದರೂ ರಾತ್ರಿ ಊಟ ಬೇಗ ಮಾಡಬಹುದು. ಅದಕ್ಕೆ ಯಾವ ಟೆಸ್ಟೂ ಬೇಡ.

ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆಯೂ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ನೆದರ್‌ಲ್ಯಾಂಡ್ಸ್‌ನಲ್ಲಿ ಭೀಕರ ಕ್ಷಾಮ ಬಂತು. ಆಗ ಗರ್ಭದಲ್ಲಿದ್ದವರಲ್ಲಿ ಸುಮಾರು ಐವತ್ತು ವರ್ಷದ ನಂತರ ಸಕ್ಕರೆ ತಾಳಿಕೊಳ್ಳುವ ಶಕ್ತಿ ಕಡಿಮೆ ಇದ್ದದ್ದು ಕಂಡುಬಂತು. ಡಿಎನ್‌ಎ ಅಕ್ಷರಗಳು ಹಾಗೇ ಇದ್ದರೂ ಅವುಗಳ ಮೇಲಿನ ಕೆಲವು ರಾಸಾಯನಿಕ ಗುರುತುಗಳು ಬದಲಾಗಿದ್ದವು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದರಲ್ಲಿ ಇಂಥ ಗುರುತುಗಳಿಗೆ ಪಾತ್ರವಿದೆ.

ಬ್ರಿಟನ್‌ನಲ್ಲಿ ಸಕ್ಕರೆಯ ಪಡಿತರ ನಿಯಂತ್ರಣ 1953ರ ಸೆಪ್ಟೆಂಬರ್‌ವರೆಗೂ ಇತ್ತು. ಅದು ಮುಗಿದ ಕೂಡಲೇ ಜನ ತಿನ್ನುವ ಸಕ್ಕರೆ ಸುಮಾರು ಇಮ್ಮಡಿಯಾಯಿತು. ಗರ್ಭದಿಂದ ಹಿಡಿದು ಮೊದಲ ಸಾವಿರ ದಿನ ಆ ನಿಯಂತ್ರಣದಲ್ಲಿ ಕಳೆದವರಿಗೆ ಮುಂದೆ ಟೈಪ್ 2 ಮಧುಮೇಹದ ಅಪಾಯ ಸುಮಾರು 35% ಕಡಿಮೆ ಇತ್ತು, ಬಂದವರಿಗೂ ಸುಮಾರು ನಾಲ್ಕು ವರ್ಷ ತಡವಾಗಿ ಬಂತು ಎಂದು 2024ರ ಅಧ್ಯಯನ ಹೇಳುತ್ತದೆ.

ಇದನ್ನೆಲ್ಲ ಓದಿ ದಯವಿಟ್ಟು ಯಾವ ತಾಯಿಯನ್ನೂ ದೂರಬೇಡಿ. ಕ್ಷಾಮವಾಗಲಿ, ಪಡಿತರ ನಿಯಮವಾಗಲಿ ಅವರು ಆರಿಸಿಕೊಂಡದ್ದಲ್ಲ. ಗರ್ಭಿಣಿಗೆ ಒಳ್ಳೆಯ ಊಟ ಒದಗಿಸುವುದು ಇಡೀ ಮನೆಯ, ಸಮಾಜದ ಕೆಲಸ.

ಬರದ ಕಾಲದಲ್ಲಿ ಉಳಿಸಿದ ಜೀನ್‌ಗಳೇ ಈಗ ಶುಗರ್ ತರುತ್ತಿವೆ ಅನ್ನುತ್ತಾರಲ್ಲ?

1962ರಲ್ಲಿ ಜೇಮ್ಸ್ ನೀಲ್ ಎಂಬ ವಿಜ್ಞಾನಿ ಮುಂದಿಟ್ಟ ಊಹೆ ಇದು: ಊಟ ಸಿಕ್ಕಾಗ ಕೊಬ್ಬಾಗಿ ಕೂಡಿಡುವ ಜೀನ್‌ಗಳು ಬರದಲ್ಲಿ ಜೀವ ಉಳಿಸಿದವು, ಊಟ ಸದಾ ಸಿಗುವ ಈಗ ಅವೇ ಶುಗರ್ ತರುತ್ತಿವೆ ಅಂತ. ಕೇಳಲು ಚೆಂದ, ಆದರೆ ಪೂರ್ತಿ ಸಾಬೀತಾಗಿಲ್ಲ. ಸಮೋವಾ ದ್ವೀಪದವರಲ್ಲಿ ಸಿಕ್ಕ ಸಿಆರ್‌ಇಬಿಆರ್‌ಎಫ್ ಜೀನ್‌ನ ಒಂದು ರೂಪ ತೂಕ ಹೆಚ್ಚಿಸುತ್ತದೆ, ಆದರೆ ಮಧುಮೇಹದ ಅಪಾಯ ಕಡಿಮೆ ಮಾಡುತ್ತದೆ! ಒಂದೇ ಕಥೆಯಲ್ಲಿ ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ.

ಜೀನ್ ಟೆಸ್ಟ್ ಮಾಡಿಸಿ ಅದರ ಪ್ರಕಾರ ಊಟ ಮಾಡಿದರೆ ಹೇಗೆ?

ಸಾಮಾನ್ಯ ಟೈಪ್ 2 ಅಪಾಯಕ್ಕಾಗಿ ಸದ್ಯಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮನೆಯವರ ಕಾಯಿಲೆ, ವಯಸ್ಸು, ಸೊಂಟದ ಅಳತೆ, ಒಂದು ರಕ್ತ ಪರೀಕ್ಷೆ, ಇಷ್ಟು ಗೊತ್ತಿದ್ದರೆ ಜೀನ್ ಟೆಸ್ಟ್ ಹೊಸದಾಗಿ ಹೇಳುವುದು ಸ್ವಲ್ಪವೇ.

"ನಿಮ್ಮ ಜೀನ್‌ಗೆ ತಕ್ಕ ಡಯಟ್" ಅಂತ ಮಾರುವವರನ್ನು ನಂಬುವ ಮೊದಲು ಇದನ್ನು ಕೇಳಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕಡಿಮೆ ಕೊಬ್ಬಿನ ಊಟ, ಇನ್ನೊಂದಕ್ಕೆ ಕಡಿಮೆ ಕಾರ್ಬೋಹೈಡ್ರೇಟ್ ಊಟ. ಯಾರ ಜೀನ್‌ಗೆ ಯಾವ ಊಟ ಹೊಂದುತ್ತದೆ ಅಂತ ಮೊದಲೇ ಗುರುತಿಸಿಕೊಂಡಿದ್ದರು. ಒಂದು ವರ್ಷದ ನಂತರ ಎರಡೂ ಗುಂಪಿನವರು 5–6 ಕಿಲೋ ಇಳಿದಿದ್ದರು. ಜೀನ್‌ಗೆ ಹೊಂದುವ ಊಟ ಸಿಕ್ಕವರು ಬೇರೆಯವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇದು 2018ರ ಫಲಿತಾಂಶ.

ನಮ್ಮ ಮನೆಯಲ್ಲಿ 25 ವರ್ಷದೊಳಗೇ, ಸಣ್ಣಗಿರುವವರಿಗೂ, ಪ್ರತಿ ತಲೆಮಾರಿನಲ್ಲೂ ಬರುತ್ತಿದೆ. ಇದೇನು?

ಇಲ್ಲಿ ಮಾತ್ರ ಜೀನ್ ಟೆಸ್ಟ್ ನಿಜವಾಗಿ ಬೇಕಾಗಬಹುದು. ಮೋಡಿ (MODY) ಎಂದು ಕರೆಯುವ ಒಂದು ಬಗೆಯ ಮಧುಮೇಹ ಒಂದೇ ಜೀನ್‌ನ ದೋಷದಿಂದ ಬರುತ್ತದೆ. ಪ್ರತಿ ಮಗುವಿಗೆ ದಾಟುವ ಸಾಧ್ಯತೆ 50%. ಜಿಸಿಕೆ ಜೀನ್‌ನ ದೋಷವಾದರೆ ಸಕ್ಕರೆ ಜೀವನವಿಡೀ ಸ್ವಲ್ಪ ಮೇಲಿರುತ್ತದೆ ಅಷ್ಟೇ. ಗರ್ಭಿಣಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಔಷಧವೇ ಬೇಡ. ಎಚ್‌ಎನ್‌ಎಫ್1ಎ ದೋಷವಾದರೆ ಸಲ್ಫೊನಿಲ್‌ಯೂರಿಯಾ ಗುಂಪಿನ ಮಾತ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಸುಮ್ನೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ಇದ್ದ ಕೆಲವರು ಮಾತ್ರೆಗೆ ಬದಲಾಗಿದ್ದಾರೆ. ಆದರೆ ನೀವಾಗಿಯೇ ಇನ್ಸುಲಿನ್ ನಿಲ್ಲಿಸಬೇಡಿ. ಮಧುಮೇಹ ತಜ್ಞರ ಬಳಿ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ.

ಟೈಪ್ 1 ಬಗ್ಗೆ?

ಅದು ಬೇರೆ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದರಿಂದ ಬಂತು ಅನ್ನುವುದು ತಪ್ಪು. ಇನ್ಸುಲಿನ್ ಬೇಕೇ ಬೇಕು.

ಊಟ, ನಡಿಗೆ ಎಲ್ಲ ಸರಿ ಇದ್ದರೂ ಬಂತು. ನನ್ನದೇ ತಪ್ಪಾ?

ಅಲ್ಲ. ಕೆಲವರ ಬೀಟಾ ಕೋಶಗಳ ಮಿತಿ ಹುಟ್ಟಿನಿಂದಲೇ ಚಿಕ್ಕದು. ವಯಸ್ಸಾದಂತೆ ಅದು ಇನ್ನೂ ಕುಗ್ಗುತ್ತದೆ. ಅಷ್ಟು ವರ್ಷ ನೀವು ಪಟ್ಟ ಶ್ರಮ ವ್ಯರ್ಥವಾಗಿಲ್ಲ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಪ್ರಯೋಗದಲ್ಲಿ ಆರು ವರ್ಷ ಊಟ, ವ್ಯಾಯಾಮ ಬದಲಿಸಿದವರನ್ನು 30 ವರ್ಷ ಗಮನಿಸಿದರು. ಅವರಲ್ಲೂ ಎಷ್ಟೋ ಜನರಿಗೆ ಕೊನೆಗೆ ಮಧುಮೇಹ ಬಂತು. ಆದರೆ ಸುಮಾರು ನಾಲ್ಕು ವರ್ಷ ತಡವಾಗಿ ಬಂತು. ಹೃದಯದ ಕಾಯಿಲೆ, ಕಣ್ಣಿನ ತೊಂದರೆಗಳೂ ಕಡಿಮೆ ಇದ್ದವು. ತಡ ಮಾಡುವುದೂ ಗೆಲುವೇ.

ಬಂದ ಮೇಲೆ ಊಟದಿಂದ ಹಿಂದಕ್ಕೆ ಕಳಿಸಬಹುದಾ?

ಕೆಲವರಲ್ಲಿ, ಅದೂ ಬೇಗ ಹಿಡಿದರೆ. ಬ್ರಿಟನ್‌ನ ಡೈರೆಕ್ಟ್ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರ ಕೊಟ್ಟರು. ಒಂದು ವರ್ಷದ ನಂತರ 46% ಜನ ಮಾತ್ರೆ ಇಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದರು. ಎರಡನೇ ವರ್ಷಕ್ಕೆ 36%. ತೂಕ ಮತ್ತೆ ಏರಿದರೆ ಸಕ್ಕರೆಯೂ ಮತ್ತೆ ಏರುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥದಕ್ಕೆ ಕೈ ಹಾಕಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಯಾವಾಗ, ಯಾವ ಟೆಸ್ಟ್ ಮಾಡಿಸಬೇಕು?

35 ವರ್ಷ ಆದವರೆಲ್ಲ ಒಮ್ಮೆ ಮಾಡಿಸಿ. ತೂಕ ಹೆಚ್ಚಿದ್ದು ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಶುಗರ್ ಇದ್ದರೆ ಅದಕ್ಕೂ ಮೊದಲೇ ಮಾಡಿಸಿ. ಗರ್ಭಿಣಿಯಾಗಿದ್ದಾಗ ಶುಗರ್ ಬಂದು ಹೋದವರು ಆಮೇಲೂ ಬಿಡದೆ ಮಾಡಿಸುತ್ತಿರಬೇಕು. ಎಲ್ಲ ಸರಿ ಬಂದರೂ ಮೂರು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿಸಿ.

ಖಾಲಿ ಹೊಟ್ಟೆ ಶುಗರ್ 100ರಿಂದ 125 ಇದ್ದರೆ ಗಡಿ, 126 ಅಥವಾ ಹೆಚ್ಚಾದರೆ ಮಧುಮೇಹ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತ ಪರೀಕ್ಷೆ) 5.7%ರಿಂದ 6.4% ಗಡಿ, 6.5%ರಿಂದ ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ತುಂಬಾ ಜನರಿಗೆ ಶುಗರ್ ಇದ್ದು ನಿಮ್ಮ ಖಾಲಿ ಹೊಟ್ಟೆ ಶುಗರ್ ಮಾತ್ರ ಸರಿ ಬಂದಿದ್ದರೆ, ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಬೇಕೇ ಅಂತ ವೈದ್ಯರನ್ನು ಕೇಳಿ. ಕೆಲವರಲ್ಲಿ ಸಕ್ಕರೆ ಊಟದ ನಂತರವೇ ಏರುತ್ತದೆ. ಗ್ರೀನ್‌ಲ್ಯಾಂಡ್‌ನ ಆ ಜೀನ್ ಇದ್ದವರಲ್ಲಿ ಆಗುವುದು ಇದೇ: ಖಾಲಿ ಹೊಟ್ಟೆಯ ಪರೀಕ್ಷೆ ಒಂದನ್ನೇ ನೋಡಿದರೆ ಅವರಲ್ಲಿ ಎಷ್ಟೋ ಜನರ ಕಾಯಿಲೆ ಗೊತ್ತೇ ಆಗುವುದಿಲ್ಲ.